ಅಷ್ಟರಾಗ ಪೇಡೆ ಬಂತು

ಹೋದ ಐತವಾರ ಹುಬ್ಬಳ್ಳಿಯೊಳಗ ಸಣ್ಣ ಉದ್ಯಮದವರು, ಸಾಫ್ಟ್‌ವೇರ್ ಹುಡುಗ್ರು, ಒಂದಿಷ್ಟು ಕಾಲೇಜಿನವರು ಕೂಡಿದ್ದ ಸಭಾದಾಗ, ಕೆಲಸ ಶುರು ಆಗೂಕಿಂತ ಮೊದಲ ಅದು ಯಾಕ ಕೆಡ್ತು ಅಂತ ಬರಕೊಳ್ಳೂದರ ಬಗ್ಗೆ ನಾನು ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳಿ ಟೈಪ್ ಮಾಡೀನಿ, ಆಡಿದ ಮಾತು ಆಡಿದಂಗ ಬಿಟ್ಟೀನಿ, ನಡುವ ಹತ್ತು ನಿಮಿಷ ಮೈಕ್ ಕೈಕೊಟ್ಟಿತ್ತು, ಅಷ್ಟು ಮಾತ್ರ ನೆನಪಿಲೆ ಬರದದ್ದು.

ಎಲ್ಲಾರಿಗೂ ನಮಸ್ಕಾರ್ರಿ. ನಂದು ಗೋಕುಲ ರೋಡಿನ್ಯಾಗ ಒಂದು ಸಣ್ಣ ಆಫೀಸ್, ಒಂಬತ್ತು ಮಂದಿ ಇದೀವಿ. ಇವತ್ತ ದೊಡ್ಡ ಮಾತೇನೂ ಹೇಳಂಗಿಲ್ಲ, ನಾವು ಒಂದು ಪ್ರಾಜೆಕ್ಟ್ ಹೆಂಗ ಕೆಡಿಸಿದ್ವಿ ಅನ್ನೂದರಿಂದನ ಶುರು ಮಾಡ್ತೀನಿ.

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ಭಾಳ ಮಂದಿ ನೋಡೀರಿ. ಸೋಮವಾರ, ಗುರುವಾರ ಸಂತಿ, ಸೀಜನ್‌ನ್ಯಾಗ ಒಂದೊಂದು ದಿನ ಲಕ್ಷದ ಮ್ಯಾಲ ಚೀಲ ಬರ್ತಾವು, ಕಣ್ಣು ಮುಟ್ಟೋತನಕ ಕೆಂಪು. ಅಲ್ಲೇ ಒಬ್ಬ ದಲಾಲಿ ಅಂಗಡಿ ಸಾವ್ಕಾರ್ರು ನಮಗ ಒಂದು ಕೆಲಸ ಕೊಟ್ರು. ಲಾಟ್ ನಂಬರ್, ಕಾಯಿ ಜಾತಿ ಡಬ್ಬಿನೋ ಕಡ್ಡಿನೋ, ತೂಕ, ರೇಟು, ಇಷ್ಟು ಫೋನ್‌ನ್ಯಾಗ ಹಾಕಿದ್ರ ರೈತನ ಪಟ್ಟಿ, ಅಂದ್ರ ಮಾಲು ಮಾರಿದ ಲೆಕ್ಕದ ರಸೀದಿ, ತಾನ ಪ್ರಿಂಟ್ ಆಗಿ ಕೈಗೆ ಬರಬೇಕು. ಸಣ್ಣ ಕೆಲಸ ನೋಡ್ರಿ. ಮೂರು ತಿಂಗಳ ಪ್ಲಾನ್ ಹಾಕಿದ್ವಿ, ಕಾಯಿ ಒಡದ್ವಿ, ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿದ್ವಿ, ನಾನೊಂದು ಭಾಷಣಾನೂ ಮಾಡಿದೆ. ಕಡೀಕ "ಯಾರಿಗರೆ ಏನರೆ ಡೌಟ್ ಐತೇನ್ರಪಾ?" ಅಂತ ಕೇಳ್ದೆ. ಯಾರೂ ಪಿಟ್ಟ್ ಅನ್ನಲಿಲ್ಲ. ಪೇಡೆ ತಿಂದು ಎದ್ವಿ.

ಜನವರಿ ಒಂದು ಸೋಮವಾರ ಚಾಲೂ ಮಾಡಿದ್ವಿ. ಹನ್ನೊಂದು ಗಂಟೆಕ್ಕ ನೆಟ್‌ವರ್ಕ್ ನಿಂತು ಹೋತು. ಕೆಡಲಿಲ್ರಿ, ಅಷ್ಟು ಮಂದಿ ಒಂದ ಕಡೆ ಫೋನ್ ಹಿಡಕೊಂಡು ನಿಂತ್ರ ಟವರ್ ತಾನ ಏನ್ ಮಾಡ್ಬೇಕು. ನಮ್ಮ ಆ್ಯಪ್ ನೆಟ್ ಇಲ್ಲಂದ್ರ ಒಂದು ಅಕ್ಷರಾನೂ ತಗೊಳ್ಳಂಗಿಲ್ಲ, ಆ ಚಕ್ರ ತಿರುಗ್ತಿರ್ತೈತಲ್ಲ, ಅದು ತಿರುಗಾಕತ್ತು. ಹಮಾಲರು ಚೀಲ ಹೊತ್ತು ನಿಂತಾರ, ರೈತರು ಊರಿಗೆ ಹೋಗೋ ಟೆಂಪೋದವ ಹಾರ್ನ್ ಹೊಡ್ಯಾಕತ್ತಾನ, ಸಾವ್ಕಾರ್ರು ನನ್ನ ಮಾರಿ ನೋಡ್ತಾರ, ಮ್ಯಾಲ ಮೆಣಸಿನಕಾಯಿ ಘಾಟು, ನಾನು ಕೆಮ್ಮಾಕತ್ತೀನಿ. ಅರ್ಧ ತಾಸು ನೋಡಿದ್ರು. ಆಮ್ಯಾಲ ಗುಮಾಸ್ತ ಅಜ್ಜಾರು ಸಮಾಧಾನಲೆ ಮ್ಯಾಜಿನ ಖಾನಾ ತಗದು ಕಾರ್ಬನ್ ಪೇಪರ್ ಹೊರಗ ಹಾಕಿದ್ರು. ಆ ಕಾರ್ಬನ್ ಪೇಪರಿನ ಸಪ್ಪಳ ಇನ್ನೂ ನನ್ನ ಕಿವ್ಯಾಗ ಐತಿ.

ಅದನ್ನ ಹೆಂಗೋ ರಿಪೇರಿ ಮಾಡಿದ್ವಿ, ನೆಟ್ ಇಲ್ಲದಾಗೂ ನಡೆಯೋ ಹಂಗ. ಎರಡನೇದ್ದು ಏಪ್ರಿಲ್‌ದಾಗ ಬಂತು. ಒಬ್ಬ ರೈತರು ಅಂಗಡಿಗೆ ಬಂದು ಜೇಬಿನ್ಯಾಗಿಂದ ನಾಕು ಮಡಿಕಿ ಮಾಡಿದ ಪಟ್ಟಿ ತಗದ್ರು, ಬಿಚ್ಚಿದ್ರ ಬಿಳಿ ಹಾಳಿ. ಬಿಲ್ ಮಷಿನ್ ಪೇಪರ್ ಐತಲ್ಲ, ಅದರಾಗ ಶಾಯಿ ಇರಂಗಿಲ್ಲ, ಬಿಸಿ ತಾಗಿದ್ರ ಕಪ್ಪಾಗೋ ಲೇಪ ಇರ್ತೈತಿ ಅಷ್ಟ. ಬಿಸಲು, ಬೆವರು, ಎಣ್ಣಿ ತಾಗಿದ್ರ ಮಾಸ್ತೈತಿ. ನಾವು ಎಸಿ ರೂಮಿನ್ಯಾಗ ಕುಂತು ಆ ಪ್ರಿಂಟರ್ ಆರಿಸಿದ್ವಿ, ಸಣ್ಣದು ಐತಿ, ಸೋವಿ ಐತಿ ಅಂತ. ಆ ರೈತರಿಗೆ ಆ ಪಟ್ಟಿ ಬ್ಯಾಂಕಿನ್ಯಾಗ ತೋರ್ಸೂದಿತ್ತು.

ಇಷ್ಟೆಲ್ಲಾ ಆದ ಮ್ಯಾಲ ಒಂದಿನ ಸಂಜಿ ಎಲ್ಲಾರೂ ಕುಂತ್ವಿ, ಏನ್ ತಪ್ಪಾತು ಅಂತ. ಪೋಸ್ಟ್‌ಮಾರ್ಟಮ್ ಅಂತೀವಲ್ಲ, ಅದು. ನಮ್ಮ ಹುಡುಗ ಒಬ್ಬ ಅದಾನ, ಹಾವೇರಿ ಕಡೆಯವ, ಅವರಪ್ಪ ವರ್ಷಾ ಅದ ಮಾರ್ಕೆಟಿಗೆ ಕಾಯಿ ತರ್ತಾರ. ಅಂವ ಅಂದ, "ಸೋಮವಾರ ಅಲ್ಲಿ ಫೋನ್ ಹತ್ತಂಗಿಲ್ಲ ಸರ್, ನಮ್ಮಪ್ಪ ಸಂತಿ ದಿನ ಫೋನ ಮನ್ಯಾಗ ಬಿಟ್ಟು ಹೋಗ್ತಾನ." ನನಗ ತಲಿ ತಿರಗ್ತು. ಮತ್ತ ಮೊದಲ ದಿನಾನ ಯಾಕ ಹೇಳಲಿಲ್ಲೋ ತಮ್ಮಾ ಅಂದೆ. "ಹೇಳಬೇಕಂತ ಬಾಯಿ ತಗದಿದ್ದೆ ಸರ್, ಅಷ್ಟರಾಗ ಪೇಡೆ ಬಂತು."

ನಗ್ರಿ, ಅವತ್ತ ನಾವೂ ನಕ್ವಿ. ಆದ್ರ ರಾತ್ರಿ ನಿದ್ದಿ ಬರಲಿಲ್ಲ. ಹೊರಗಿನ ಕನ್ಸಲ್ಟೆಂಟ್‌ಗೆ ರೊಕ್ಕ ಕೊಟ್ರೂ ಸಿಗದಂಥಾ ಮಾಹಿತಿ ನಮ್ಮ ರೂಮಿನ್ಯಾಗ, ನಮ್ಮ ಪಗಾರದ ಮ್ಯಾಲನ, ಪೇಡೆ ಬಾಯಾಗ ಇಟಕೊಂಡು ಕುಂತಿತ್ತು. ಯಾಕ ಹೊರಗ ಬರಲಿಲ್ಲ? ಹುಡುಗ ಅಂಜುಬುರುಕ ಅಂತಲ್ಲ. ಅದು ಶುಭ ಕಾರ್ಯದ ಹೊತ್ತು. ನಮ್ಮ ಮನ್ಯಾಗ ಹೊಸ ಗಾಡಿ ಬಂದ ದಿನ ಯಾರರೆ "ಬ್ರೇಕ್ ಫೇಲ್ ಆದ್ರ?" ಅಂದ್ರ ಏನಂತಾರ ಹೇಳ್ರಿ, "ಬಿಡ್ತು ಅನ್ನು!" ಅಂತಾರ. ಕೆಟ್ಟದ್ದು ನುಡದವನ ಕೆಟ್ಟವ. ಆಫೀಸ್‌ನ್ಯಾಗೂ ಅದ ನಡಿತೈತಿ, ಬರೇ ಕೋಟ್ ಹಾಕ್ಕೊಂಡು ನಡಿತೈತಿ. ಡೌಟ್ ಕೇಳಿದವಗ "ನೆಗೆಟಿವ್ ಮಾತಾಡ್ತಾನ, ಟೀಮ್ ಪ್ಲೇಯರ್ ಅಲ್ಲ" ಅಂತ ಹೆಸರು ಬರ್ತೈತಿ.

ಅದಕ್ಕ ನಾನು ಹುಡಕ್ಯಾಡಾಕತ್ತೆ, ಅಪಶಕುನ ನುಡಿಯೂದನ್ನ ಕೆಲಸ ಅಂತ ಮಾಡಿದ ಜಾಗಾ ಎಲ್ಲರೆ ಐತೇನು ಅಂತ. ಐತಿ. ಎಲ್ಲಿ ಅಂದ್ರ ನಮ್ಮ ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಾಗ. ನವರಾತ್ರಿಗೆ ಮಾಲತೇಶ ದೇವರ ಕಾರಣಿಕ, ಅಂದ್ರ ಮುಂದಾಗೂದರ ನುಡಿ, ಕೇಳಾಕ ಹೋದವ್ರು ಇಲ್ಲೆ ಇರಬೇಕು, ಕೈ ಎತ್ರಿ... ಹ್ಞಾಂ, ಭಾಳ ಮಂದಿ ಇದೀರಿ. ದೇವರ ಸೇವಾ ಮಾಡೋ ಗೊರವಯ್ಯ ಎತ್ತರದ ಬಿಲ್ಲು ಏರ್ತಾರ, "ಸದ್ದಲೇ" ಅಂತಾರ, ಅಷ್ಟು ಸಾವಿರ ಮಂದಿ ಒಮ್ಮೆಲೆ ಸುಮ್ಮ ಆಗ್ತಾರ. ಒಂದ ಸಾಲು ನುಡದು ಕೆಳಗ ಬೀಳ್ತಾರ. ಒಳ್ಳೇದು ನುಡೀಲಿ, ಕೆಟ್ಟದ್ದು ನುಡೀಲಿ, ಗೊರವಯ್ಯನ ಮ್ಯಾಲ ಯಾರೂ ಸಿಟ್ಟಾಗಂಗಿಲ್ಲ. ಯಾಕಂದ್ರ ನುಡಿಯೂದು ಅವರ ಕೆಲಸ, ಅವರನ್ನ ಅದಕ್ಕಂತನ ಏರ್ಸಿರ್ತಾರ. ನಮ್ಮ ಹುಡುಗಗ ಬೇಕಾಗಿದ್ದು ಧೈರ್ಯ ಅಲ್ರಿ, ಏರಾಕ ಒಂದು ಬಿಲ್ಲು, ಮತ್ತ ಯಾರರೆ ಒಬ್ರು "ಸದ್ದಲೇ" ಅನ್ನಬೇಕಾಗಿತ್ತು.

ಆ ಬಿಲ್ಲು ಮಾಡಿ ಇಟ್ಟವ್ರು ಗ್ಯಾರಿ ಕ್ಲೈನ್ ಅಂತ, ಅಮೆರಿಕಾದ ಮನಶ್ಶಾಸ್ತ್ರಜ್ಞರು. ಫೈರ್ ಬ್ರಿಗೇಡ್‌ನವರು ಉರಿಯೋ ಮನಿ ಮುಂದ ನಿಂತು ಹೆಂಗ ನಿರ್ಧಾರ ತಗೋತಾರ ಅಂತ ವರ್ಷಗಟ್ಟಲೆ ಅಭ್ಯಾಸ ಮಾಡಿದವ್ರು. 2007ರಾಗ ಹಾರ್ವರ್ಡ್ ಬಿಸಿನೆಸ್ ರಿವ್ಯೂದಾಗ ಒಂದು ಸಣ್ಣ ಲೇಖನ ಬರದ್ರು, ಪ್ರಿಮಾರ್ಟಮ್ ಅಂತ ಹೆಸರಿಟ್ರು. ಪೋಸ್ಟ್‌ಮಾರ್ಟಮ್‌ನಿಂದ ಡಾಕ್ಟರಿಗೆ ಬುದ್ಧಿ ಬರ್ತೈತಿ, ಮನಿ ಮಂದಿಗೆ ಕಾರಣ ಗೊತ್ತಾಗ್ತೈತಿ, ಸತ್ತವಂಗ ಮಾತ್ರ ಏನೂ ಉಪಯೋಗಿಲ್ಲ. ಅದಕ್ಕ ಮೊದಲ ಮಾಡ್ರಿ ಅಂತ. ಡೇನಿಯಲ್ ಕಾಹ್ನೆಮನ್, ಅದ ನೊಬೆಲ್ ಬಂದವ್ರು, ಅವರೂ ಇದನ್ನ ಭಾಳ ಹೊಗಳ್ಯಾರ.

ಮಾಡೂದು ಹೆಂಗಂದ್ರ, ಪ್ಲಾನ್ ಎಲ್ಲಾ ಮುಗದಿರಬೇಕು, ಕೆಲಸ ಇನ್ನೂ ಶುರು ಆಗಿರಬಾರದು. ಎಲ್ಲಾರನ್ನೂ ಕುಂದರ್ಸಿ ಲೀಡರ್ ಆದವ ಹೇಳಬೇಕು, "ಇವತ್ತ ಮುಂದಿನ ಯುಗಾದಿ ಅನ್ಕೊಳ್ರಿ. ನಮ್ಮ ಪ್ರಾಜೆಕ್ಟ್ ಪೂರಾ ಹಾಳಾಗಿ ಹೋಗೇತಿ. ಗಿರಾಕಿ ಬೈದು ಹೋಗ್ಯಾನ, ರೊಕ್ಕ ಬಂದಿಲ್ಲ. ಯಾಕ ಹಿಂಗಾತು, ಬರೀರಿ." ಮೂರು ನಿಮಿಷ ಎಲ್ಲಾರೂ ಒಬ್ಬೊಬ್ರ ಚೀಟಿಯೊಳಗ ಬರೀಬೇಕು, ಮಾತಿಲ್ಲ, ಫೋನಿಲ್ಲ. ಆಮ್ಯಾಲ ಸರದಿ ಪ್ರಕಾರ ಒಬ್ಬೊಬ್ರು ಒಂದೊಂದ ಕಾರಣ ಓದಬೇಕು, ಎಲ್ಲಾ ಚೀಟಿ ಖಾಲಿ ಆಗೋತನಕ ಸುತ್ತು ಹೊಡೀಬೇಕು. ಮೊದಲನೇ ಕಾರಣ ಲೀಡರ್‌ನ ಓದಬೇಕು, ಅವನ ತಪ್ಪು ಅಂವ ಮೊದಲ ಒಪ್ಪಿದ್ರ ಉಳಿದವ್ರ ಬಾಯಿ ಬಿಚ್ತೈತಿ.

ಇದರಾಗ ಏನ್ ಮಹಾ ಐತಿ, ನಾವೂ ರಿಸ್ಕ್ ಅಂತ ಒಂದು ಎಕ್ಸೆಲ್ ಶೀಟ್ ಮಾಡ್ತೀವಲ್ಲ ಅಂತೀರಿ. ನಾನೂ ಹಂಗ ಅಂದಿದ್ದೆ. ಫರಕು ಎಲ್ಲಿ ಐತಿ ಅಂದ್ರ ಕ್ರಿಯಾಪದದಾಗ ಐತಿ. "ಏನ್ ಕೆಡಬಹುದು?" ಅಂತ ಕೇಳ್ರಿ, ಮಂದಿ "ಏನೂ ಆಗಂಗಿಲ್ಲ ಬಿಡ್ರಿ ಸರ್" ಅಂತಾರ. "ಕೆಟ್ಟು ಹೋತು, ಯಾಕ ಕೆಡ್ತು?" ಅಂತ ಕೇಳ್ರಿ, ಮಂದಿ ಕಥಿ ಹೇಳಾಕ ಶುರು ಮಾಡ್ತಾರ. ಬಹುದು ಅಂದಾಗ ವಾದ ಮಾಡ್ಬೇಕು, ಹೋತು ಅಂದ ಮ್ಯಾಲ ವಾದ ಮಾಡೂದೇನು ಉಳಿತು, ಕಾರಣ ಹೇಳೂದಷ್ಟ. ಕಟ್ಟಿ ಮ್ಯಾಲ ಕುಂತು ಮಂದಿ ಸಂಸಾರ ಯಾಕ ಮುರೀತು ಅಂತ ವಿಶ್ಲೇಷಣಾ ಮಾಡೂದ್ರಾಗ ನಾವು ಎಷ್ಟು ಹುಷಾರ್ ಅದೀವಿ ಗೊತ್ತೈತಲ್ಲ, ಆ ಬುದ್ಧೀನ ಇಲ್ಲೆ ಕೆಲಸಕ್ಕ ಹಚ್ಚೂದು. 1989ರಾಗ ಮಿಚೆಲ್, ರೂಸೋ, ಪೆನ್ನಿಂಗ್ಟನ್ ಅಂತ ಮೂವರು ಇದನ್ನ ಪ್ರಯೋಗ ಮಾಡಿ ನೋಡ್ಯಾರ. ಹಿಂಗ ಆಗೇ ಹೋಗೇತಿ ಅಂತ ಹಿಡದು ಯೋಚನಾ ಮಾಡಿದ್ರ ಸರಿಯಾದ ಕಾರಣ ಗುರ್ತಿಸೋ ಶಕ್ತಿ ಶೇಕಡಾ 30 ಹೆಚ್ಚಾಗ್ತೈತಿ ಅಂತ ಆ ಅಧ್ಯಯನದ ಬಗ್ಗೆ ಕ್ಲೈನ್ ಬರೀತಾರ.

ಇನ್ನೊಂದು ಲೆಕ್ಕ ಹೇಳ್ತೀನಿ, ಇದು ನನಗ ಭಾಳ ಸೇರ್ತು. 1994ರಾಗ ಪ್ರಕಟ ಆದ ಒಂದು ಸಂಶೋಧನಾದಾಗ ಕಾಲೇಜ್ ಹುಡುಗ್ರಿಗೆ ಕೇಳ್ಯಾರ, ನಿಮ್ಮ ಥೀಸಿಸ್ ಯಾವಾಗ ಮುಗೀತೈತಿ ಅಂತ. ಸರಾಸರಿ 34 ದಿನ ಅಂದಾರ. ಎಲ್ಲಾ ಕೆಟ್ಟದ್ದ ಆತು ಅಂತ ತಿಳೀರಿ, ಆವಾಗ? 49 ದಿನ ಹತ್ರ ಅಂದಾರ. ಖರೇ ಹತ್ತಿದ್ದು 55 ದಿನ ದಾಟಿತ್ತು. ಅಂದ್ರ ನಾವು ಕಣ್ಣು ಮುಚ್ಚಿ ಭಾಳ ಕೆಟ್ಟದ್ದು ಊಹಿಸೀವಿ ಅನ್ನೂದೂ ಖರೇದಕ್ಕಿಂತ ಚೊಲೋನ ಇರ್ತೈತಿ. ಮನಿ ಕಟ್ಟಿಸಿದವ್ರು ಇಲ್ಲೆ ಯಾರರೆ ಇದ್ರ ಅವರಿಗೆ ಈ ಸಂಶೋಧನಾ ಬೇಕಾಗೇ ಇಲ್ಲ.

ಈಗ ನಮ್ಮ ಎರಡನೇ ಪ್ರಾಜೆಕ್ಟಿಗೆ ಬರ್ತೀನಿ. ಅದ ಬ್ಯಾಡಗಿ, ಈ ಸಲ ಕೋಲ್ಡ್ ಸ್ಟೋರೇಜ್. ಅಲ್ಲೆ ಮೆಣಸಿನಕಾಯಿ ಇಡಾಕ ಕೋಲ್ಡ್ ಸ್ಟೋರೇಜ್ ಭಾಳ ಆಗ್ಯಾವು, ರೇಟ್ ಬರೋತನಕ ಮಾಲು ಇಡ್ತಾರ. ಒಳಗಿನ ಥಂಡಿ ಕಡಿಮಿ ಆದ್ರ ಮ್ಯಾನೇಜರ್ ಫೋನಿಗೆ ಅಲಾರಾಂ ಹೋಗಬೇಕು, ಇಷ್ಟ ಕೆಲಸ. ಪೂಜಾ ಮುಂದ ಇಟ್ವಿ, ಮೊದಲ ಚೀಟಿ. ಪೇಡೆ ಡಬ್ಬಿ ನನ್ನ ಖಾನಾದಾಗ ಕೀಲಿ ಹಾಕಿ ಇಟ್ಟಿದ್ದೆ, ಖರೇನ. ಒಂಬತ್ತು ಮಂದಿ ಜೊತಿಗೆ ಗಾಡಿ ಓಡಿಸೋ ಅಣ್ಣಾರನ್ನೂ ಕರದು ಕುಂದರ್ಸಿದೆ. ಅವರು "ನಾ ಯಾಕ್ರಿ, ನನಗೇನ್ ತಿಳಿತೈತಿ" ಅಂದ್ರು. ಸೈಟಿಗೆ ನಮ್ಮೆಲ್ಲಾರಿಗಿಂತ ಹೆಚ್ಚು ಹೋಗೂದು ನೀವ, ಕುಂದರ್ರಿ ಅಂದೆ.

ಮೊದಲನೇ ಸುತ್ತು ಬರೇ ಪುಸ್ತಕದ ಮಾತು. "ಕಮ್ಯುನಿಕೇಶನ್ ಗ್ಯಾಪ್", "ರಿಸೋರ್ಸ್ ಕಡಿಮಿ ಬಿತ್ತು", "ಟೈಮ್ ಸಾಲಲಿಲ್ಲ". ಇವೆಲ್ಲಾ ಕಾರಣಿಕದ ಸಾಲಿನಂಗ ನೋಡ್ರಿ. ಗೊರವಯ್ಯ ನುಡದ್ರ ಒಬ್ಬ ಅದನ್ನ ಮಳಿಗೆ ಹಚ್ತಾನ, ಇನ್ನೊಬ್ಬ ರಾಜಕಾರಣಕ್ಕ ಹಚ್ತಾನ, ಇಬ್ಬರದೂ ಸರಿ. ದೇವರ ನುಡಿಗೆ ಅದು ಚಂದ, ಪ್ರಾಜೆಕ್ಟಿಗೆ ಅಲ್ಲ. ಚೀಟಿ ವಾಪಸ್ ಕೊಟ್ಟೆ. ಯಾರು ಯಾರಿಗೆ ಏನ್ ಹೇಳಲಿಲ್ಲ, ಯಾವ ದಿನ, ಹೆಸರ ಹಿಡದು ಬರೀರಿ ಅಂದೆ.

ಎರಡನೇ ಸುತ್ತಿಗೆ ರೂಮಿನ ಹವಾನ ಬದಲಾತು. ಅಕೌಂಟ್ಸ್ ನೋಡೋ ಅಕ್ಕಾರು ಓದಿದ್ರು, "ಕೆಲಸ ಮಾರ್ಚ್‌ನ್ಯಾಗ ಮುಗೀತು, ಮಾಲಕರ ಮಗಳ ಮದುವಿನೂ ಮಾರ್ಚ್‌ನ್ಯಾಗ, ಬಿಲ್ಲಿಗೆ ಸೈನ್ ಮಾಡೋವ್ರು ಒಂದು ತಿಂಗಳು ಕೈಗೆ ಸಿಗಲಿಲ್ಲ, ನಮ್ಮ ಪಗಾರ ಲೇಟ್ ಆತು." ಮದುವಿ ಸುದ್ದಿ ನನಗ ಗೊತ್ತ ಇರಲಿಲ್ಲ. ಇವರಿಗೆ ಹೆಂಗ ಗೊತ್ತಾತು ಅಂದ್ರ ಬೀಗರ ಕಡೆ ಸಂಬಂಧ ಅಂತ. ಒಬ್ಬ ಹುಡುಗ ಬರದಿದ್ದ, "ಅಲಾರಾಂ ದಿನಕ್ಕ ನಲವತ್ತು ಸಲ ಬಂತು, ಬಾಗಲಾ ತಗದಾಗೊಮ್ಮೆ ಬಂತು, ಮ್ಯಾನೇಜರ್ ಮ್ಯೂಟ್ ಮಾಡಿ ಇಟ್ಟ, ಖರೇ ಕೆಟ್ಟ ದಿನ ಯಾರೂ ನೋಡಲಿಲ್ಲ." ಇದು ಭಾಳ ಚೊಲೋ ಚೀಟಿ, ಇದರಿಂದ ಡಿಸೈನ್‌ನ ಬದಲ್ ಮಾಡಿದ್ವಿ, ಬಾಗಲಾ ತಗದ್ರ ಹದಿನೈದು ನಿಮಿಷ ತಡೀತೈತಿ ಈಗ.

ಆಮ್ಯಾಲ ಡ್ರೈವರ್ ಅಣ್ಣಾರ ಸರದಿ. ಎದ್ದು ನಿಂತ್ರು, ಚೀಟಿ ಎರಡೂ ಕೈಲೆ ಹಿಡಕೊಂಡು, ಸಾಲ್ಯಾಗ ಪಾಠ ಓದಿದಂಗ ಓದಿದ್ರು. "ಕರೆಂಟ್ ಹೋತು. ಮಷಿನ್ ಬಂದ್ ಆತು. ಕರೆಂಟ್ ಇಲ್ಲಂದ್ಮ್ಯಾಲ ವೈಫೈ ಡಬ್ಬಿನೂ ಬಂದ್ ಆತು. ಅಲಾರಾಂ ಯಾರ್ ಕಳಸ್ತಾರ."

ಯಾರೂ ಮಾತಾಡಲಿಲ್ಲ. ನಾವು ಸೆನ್ಸರಿಗೆ ಬ್ಯಾಟರಿ ಇಟ್ಟಿದ್ವಿ, ಸರ್ವರಿಗೆ ಬ್ಯಾಕಪ್ ಇಟ್ಟಿದ್ವಿ, ನಡುವ ಗ್ವಾಡಿಗೆ ತೂಗಹಾಕಿದ್ದ ಆ ರೂಟರಿಗೆ ಏನೂ ಇಟ್ಟಿರಲಿಲ್ಲ. ಯಾವ ಹೊತ್ತಿನ್ಯಾಗ ಅಲಾರಾಂ ಬೇಕೋ ಆ ಹೊತ್ತಿನ್ಯಾಗನ ಅದು ಮೂಕಾಗ್ತಿತ್ತು. ಒಂದು ಸಣ್ಣ ಯುಪಿಎಸ್, ಒಂದು ಸಿಮ್ ಕಾರ್ಡ್, ಅಷ್ಟರಾಗ ಮುಗೀತು. ಮಳಿಗಾಲದಾಗ ಗಾಳಿ ಮಳಿಗೆ ಕಂಬ ಬಿದ್ದು ಕರೆಂಟ್ ಹೋದಾಗ ಮೊದಲ ಮೆಸೇಜ್ ಹೋಗಿದ್ದು ಆ ಸಿಮ್‌ನಿಂದನ.

ಇನ್ನೊಂದು ಚೀಟಿ ಬಗ್ಗೆ ಹೇಳಬೇಕೋ ಬ್ಯಾಡೋ ಅಂತಿದ್ದೆ. ಹೇಳೇ ಬಿಡ್ತೀನಿ. ಅವತ್ತ ಒಬ್ರು ನನಗ ಓದಾಕ ಆಗಂಗಿಲ್ಲ, ನೀವ ಓದ್ರಿ ಸರ್ ಅಂತ ಚೀಟಿ ನನ್ನ ಕೈಗೆ ಕೊಟ್ರು. ನಾನು ದೊಡ್ಡ ದನಿಲೆ ಶುರು ಮಾಡಿದೆ, "ಪ್ರಾಜೆಕ್ಟ್ ಕೆಡ್ತು, ಯಾಕಂದ್ರ ಗಿರಾಕಿ ಏನ್ ಕೇಳಿದ್ರೂ ನಮ್ಮ ಸರ್ ಹ್ಞೂ ಅಂದ್ರು." ಅರ್ಧಕ್ಕ ದನಿ ಸಣ್ಣ ಆತು. ಸಿಟ್ಟು ಬಂತು, ಸುಳ್ಳ್ಯಾಕ ಹೇಳ್ಲಿ. ಆದ್ರ ಸಿಟ್ಟು ತೋರಿಸಿದ್ನಂದ್ರ ಈ ಚೀಟಿ ಆಟ ನಮ್ಮ ಆಫೀಸಿನ್ಯಾಗ ಅವತ್ತಿಗೆ ಮುಗೀತಿತ್ತು, ಮುಂದಿನ ಸಲ ಎಲ್ಲಾರೂ "ಟೈಮ್ ಸಾಲಲಿಲ್ಲ" ಅಂತ ಬರೀತಿದ್ರು. ಬೋರ್ಡಿನ ಮ್ಯಾಲ ನನ್ನ ಕೈಲೇನ ಬರದೆ. ಆವತ್ತಿನಿಂದ ಗಿರಾಕಿ ಹೊಸದೇನರೆ ಕೇಳಿದ್ರ ಅಲ್ಲೇ ಹ್ಞೂ ಅನ್ನಂಗಿಲ್ಲ, ನಾಳೆ ಹೇಳ್ತೀನ್ರಿ ಅಂತೀನಿ. ನಾಲಿಗಿ ಕಚ್ಚಿ ಹಿಡಕೋಬೇಕಾಗ್ತೈತಿ.

ಹೇಳಿದ್ರಷ್ಟ ಸಾಲದು, ಕೇಳೋವ್ರು ಏನ್ ಮಾಡ್ತಾರ ಅನ್ನೂದೂ ಐತಿ. 1986ರ ಜನವರಿ 28, ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿ 73 ಸೆಕೆಂಡಿಗೆ ಚೂರಾತು, ಏಳೂ ಮಂದಿ ತೀರ್ಕೊಂಡ್ರು. ರಾಕೆಟ್ ಜೋಡಣಿಯೊಳಗಿನ ರಬ್ಬರ್ ರಿಂಗು ಆ ಥಂಡಿಗೆ ಬಿರುಸಾಗಿತ್ತು. ಹಿಂದಿನ ರಾತ್ರೀನ ರಾಕೆಟ್ ಮಾಡಿದ ಕಂಪನಿ ಎಂಜಿನಿಯರ್‌ಗಳು ಫೋನ್ ಮೀಟಿಂಗ್‌ನ್ಯಾಗ ಇದನ್ನ ಹೇಳಿದ್ರು, ಇಷ್ಟು ಥಂಡ್ಯಾಗ ಹಾರಸಬ್ಯಾಡ್ರಿ ಅಂತ. ಆದ್ರ ಅವರ ಕಂಪನಿ ದೊಡ್ಡವರ ಪೈಕಿ ಒಬ್ರು ಇನ್ನೊಬ್ರಿಗೆ ಎಂಜಿನಿಯರ್ ಟೋಪಿ ತಗೀರಿ, ಮ್ಯಾನೇಜರ್ ಟೋಪಿ ಹಾಕ್ಕೊಳ್ರಿ ಅಂದ್ರು, ತೀರ್ಮಾನ ತಿರುವಿ ಬಿತ್ತು. ಇದು ತನಿಖಾ ಆಯೋಗದ ಮುಂದ ಬಂದ ವಿಷಯ. ನನಗ ಇದರಾಗ ಕಾಣೂದೇನಂದ್ರ, ಹಾರಿಸೂದು ನಾಳೆ ಅಂದ ಮ್ಯಾಲ ರಾತ್ರಿ ಹೇಳಿದ್ರ ಭಾಳ ತಡಾ ಆಗಿರ್ತೈತಿ, ತಾರೀಖು ಎಲ್ಲಾರಿಗೂ ಹೇಳಿಬಿಟ್ಟಿರ್ತೀವಿ, ಹಿಂದ ಸರಿಯಾಕ ನಾಚಿಕಿ. ಅದಕ್ಕ ಗಿರಾಕಿಗೆ ತಾರೀಖು ಕೊಡೂಕಿಂತ ಮೊದಲ ಚೀಟಿ ಬರಸ್ರಿ.

ಚೀಟಿಯೆಲ್ಲಾ ಕೂಡಿಸಿದ್ರ ಐವತ್ತು ಅರವತ್ತು ಕಾರಣ ಆಗ್ತಾವು. ಎಲ್ಲಾದಕ್ಕೂ ಔಷಧ ಮಾಡಾಕ ಹೋದ್ರ ಪ್ರಾಜೆಕ್ಟ್ ಮಾಡೋವ್ರು ಯಾರು. ನಾವು ಐದಾರು ಆರಸ್ತೀವಿ, ಒಂದೊಂದಕ್ಕ ಒಬ್ಬರ ಹೆಸರು ಹಚ್ತೀವಿ, ಮತ್ತ ಕೆಡಾಕತ್ತೈತಿ ಅನ್ನೋ ಮೊದಲನೇ ಸುಳಿವು ಏನು ಅಂತ ಬರದು ಇಡ್ತೀವಿ. ಮಾಲಕರು ಎರಡು ಸಲ ಫೋನ್ ಎತ್ತಲಿಲ್ಲ ಅಂದ್ರ ಅಕೌಂಟ್ಸ್ ಅಕ್ಕಾರು ಗಾಡಿ ಹತ್ತಬೇಕು, ಈ ತರಾ. ಉಳಿದದ್ದು ಫೈಲಿನ್ಯಾಗ.

ಆದ್ರೂ ಕೆಡ್ತೈತಿ. ಕೋಲ್ಡ್ ಸ್ಟೋರೇಜ್‌ನ್ಯಾಗ ಎರಡನೇ ತಿಂಗಳಿಗೆ ಇಲಿ ಬಂದು ಸೆನ್ಸರ್ ವಾಯರ್ ಕಡೀತು. ಅರವತ್ತು ಕಾರಣದಾಗ ಇಲಿ ಅಂತ ಒಬ್ರೂ ಬರದಿರಲಿಲ್ಲ, ಗೋದಾಮು ಅಂದ್ಮ್ಯಾಲ ಇಲಿ ಇರ್ತೈತಿ ಅಂತ ಸಣ್ಣ ಹುಡುಗಗೂ ಗೊತ್ತೈತಿ. ಈಗ ನಮ್ಮ ಆಫೀಸ್‌ನ್ಯಾಗ ಯಾವ ಪ್ರಾಜೆಕ್ಟ್ ಇರಲಿ, ವೆಬ್‌ಸೈಟ್ ಇದ್ರೂ ಸೈತ, ಒಬ್ಬರರೆ "ಇಲಿ" ಅಂತ ಬರದ ಬರೀತಾರ.

ಕಡೀಕ ಪ್ರಶ್ನೆ ಕೇಳ್ರಿ ಅಂದೆ. ಹಿಂದಿನ ಸಾಲಿನ್ಯಾಗ ಒಬ್ಬ ಹಿರೇರು ಎದ್ದು, "ಕೆಟ್ಟದ್ದನ್ನ ಇಷ್ಟು ನುಡದ್ರ ಹುಡುಗರ ಉಮೇದು ಕುಗ್ಗಂಗಿಲ್ಲೇನು?" ಅಂದ್ರು. ನಾನು ಕಂಡಂಗ ಉಲ್ಟಾ ಐತ್ರಿ, ಹೊಟ್ಟಿಯೊಳಗ ಇಟಕೊಂಡ ಅಂಜಿಕಿ ಹೊರಗ ಹಾಕಿದ ಮ್ಯಾಲ ಹುಡುಗ್ರು ಹಗುರ ಆಗ್ತಾರ, ಪೇಡೇನೂ ಹೆಚ್ಚು ತಿಂತಾರ ಅಂದೆ. ಒಂದು ಹುಡುಗಿ, ಎಂಜಿನಿಯರಿಂಗ್ ಕಡೀ ವರ್ಷ ಅಂತ, ನಮ್ಮ ಟೀಮ್‌ನ್ಯಾಗ ನಾಕ ಮಂದಿ, ಇದು ನಡಿತೈತಾ ಅಂತ ಕೇಳಿದ್ಲು. ನಡಿತೈತವಾ, ಒಬ್ಬರ ಇದ್ರೂ ನಡಿತೈತಿ, ಚೀಟಿ ಮಾತ್ರ ಬರೀಬೇಕು, ಮನಸಿನ್ಯಾಗ ಮಾಡಿದ್ರ ಮನಸು ಮೋಸ ಮಾಡ್ತೈತಿ.

ಆಮ್ಯಾಲ ಧಾರವಾಡ ಕಡೆಯ ಒಬ್ರು ಕೇಟರಿಂಗ್ ಮಾಡೋರು ಎದ್ರು. "ನಮಗ ದಿನಾ ಒಂದು ಪ್ರಾಜೆಕ್ಟ್ ಸರ್, ಇಷ್ಟೆಲ್ಲಾ ಬರಕೊಂತ ಕುಂದ್ರಾಕ ಆಗಂಗಿಲ್ಲ." ನಿಮ್ಮ ಮುಂದಿನ ಮದುವಿ ಯಾವಾಗ್ರಿ ಅಂದೆ. ಬರೋ ಐತವಾರ, ಎಂಟನೂರು ಎಲಿ ಅಂದ್ರು. ಸರಿ, ಇವತ್ತ ಸೋಮವಾರ, ನಿನ್ನೆ ಮದುವ್ಯಾಗ ಊಟ ಕೆಟ್ಟು ಹೋತು, ಬೀಗರು ಬೈದು ಹೋದ್ರು, ಯಾಕ? ಸಭಾದಾಗಿಂದ ಮಂದಿ ಒದರಾಕತ್ರು, ನೀರಿನ ಟ್ಯಾಂಕರ್, ಸಿಲಿಂಡರ್, ಮಳಿ, ಒಬ್ಬ ಇಲಿ ಅಂದ. ಅವರು ನಕ್ಕೊಂತ ನಿಂತಿದ್ರು, ಒಮ್ಮೆಲೆ ನಗಿ ನಿಂತ್ತು. "ರೊಟ್ಟಿ" ಅಂದ್ರು. "ರೊಟ್ಟಿ ಬಡಿಯೋ ಅಕ್ಕಂದ್ರು ಬರಲಿಲ್ಲ. ಶನಿವಾರ ಐತವಾರ ಅವರೂರಾಗ ಜಾತ್ರಿ ಐತಿ." ಮೈಕ್ ಬಾಜೂದವ್ರ ಕೈಗೆ ಕೊಟ್ಟು, ಫೋನ್ ಕಿವಿಗೆ ಹಚಗೊಂಡು ಬಾಗಲಾ ದಾಟಿ ಹೋದ್ರು. ಚಾ ಕುಡ್ಯಾಕೂ ವಾಪಸ್ ಬರಲಿಲ್ಲ.